ಇಂದಿನ ಹಸಿವಿಗೋ, ನಾಳಿನ ಬಿತ್ತನೆಗೋ? ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟ್‌ನ ಇಕ್ಕಟ್ಟು

2020ರ ಏಪ್ರಿಲ್ 23. ಕೊರೊನಾ ಕಾರಣದಿಂದ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನ ಆಟಗಾರರ ಆಯ್ಕೆ ಆ ವರ್ಷ ಸಭಾಂಗಣದಲ್ಲಿ ನಡೆಯಲಿಲ್ಲ. ತಂಡಗಳ ಅಧಿಕಾರಿಗಳು ತಂತಮ್ಮ ಮನೆಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಆಟಗಾರರನ್ನು ಆರಿಸುತ್ತಿದ್ದರು. ಗ್ರೀನ್ ಬೇ ಪ್ಯಾಕರ್ಸ್ ತಂಡದ ಸರದಿ ಬಂದಾಗ ಅಭಿಮಾನಿಗಳು ನಿರೀಕ್ಷಿಸುತ್ತಿದ್ದುದು ಒಬ್ಬ ರಿಸೀವರ್‌ನನ್ನು, ಅಂದರೆ ದೂರಕ್ಕೆ ಓಡಿ ಚೆಂಡು ಹಿಡಿಯಬಲ್ಲ ಆಟಗಾರನನ್ನು. ಹಿಂದಿನ ಋತುವಿನಲ್ಲಿ 13 ಪಂದ್ಯ ಗೆದ್ದು ಮೂರರಲ್ಲಿ ಮಾತ್ರ ಸೋತಿದ್ದ ತಂಡವದು. ಪ್ರಶಸ್ತಿ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿಯಿದ್ದಾಗ ಸ್ಯಾನ್ ಫ್ರಾನ್ಸಿಸ್ಕೊ ಎದುರು 37-20ರಿಂದ ಮುಗ್ಗರಿಸಿತ್ತು. ತಂಡದ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಅವರಿಗೆ ಆಗಲೇ 36 ವರ್ಷ. ಅವರಿಗೆ ಬೇಕಿದ್ದುದು ಚೆಂಡು ಹಿಡಿಯುವ ಇನ್ನೊಂದು ಜೋಡಿ ಕೈ.

ಆದರೆ ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ಮಾಡಿದ್ದೇ ಬೇರೆ. ನಾಲ್ಕನೇ ಸುತ್ತಿನ ಒಂದು ಆಯ್ಕೆಯನ್ನು ಮಯಾಮಿ ತಂಡಕ್ಕೆ ಬಿಟ್ಟುಕೊಟ್ಟು, 30ನೇ ಸ್ಥಾನದಿಂದ 26ಕ್ಕೆ ಏರಿ, ಅವರು ಆರಿಸಿದ ಹೆಸರು ಜೋರ್ಡನ್ ಲವ್. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ, 21ರ ಹರೆಯದ ಕ್ವಾರ್ಟರ್‌ಬ್ಯಾಕ್. ಅಂದರೆ ರಾಡ್ಜರ್ಸ್‌ಗೆ ನೆರವಾಗುವ ಆಟಗಾರನಲ್ಲ, ಅವರ ಉತ್ತರಾಧಿಕಾರಿ! ಅಷ್ಟೇ ಅಲ್ಲ, ಆ ಡ್ರಾಫ್ಟ್‌ನ ಏಳೂ ಸುತ್ತುಗಳಲ್ಲಿ ಪ್ಯಾಕರ್ಸ್ ಒಬ್ಬನೇ ಒಬ್ಬ ರಿಸೀವರ್‌ನನ್ನೂ ಆರಿಸಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂ ಏಕೆ ಎಂಬ ಧಾಟಿಯ ಟೀಕೆ ಅಂದೇ ಆರಂಭವಾಯಿತು.

ಈ ಒಂದು ನಿರ್ಧಾರ ಅಮೆರಿಕದ ಫುಟ್‌ಬಾಲ್‌ನಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಮರುಕಳಿಸುವ ಪ್ರಶ್ನೆಯೊಂದನ್ನು ಸ್ಪಷ್ಟವಾಗಿ ಮುಂದಿಡುತ್ತದೆ. ಕೈಯಲ್ಲಿರುವ ಆಯ್ಕೆಯನ್ನು ಈ ವರ್ಷದ ಕೊರತೆ ತುಂಬಲು ಬಳಸಬೇಕೇ, ಅಥವಾ ಮೂರು ವರ್ಷದ ನಂತರದ ತಂಡಕ್ಕಾಗಿ ಹೂಡಬೇಕೇ?

ಏನಿದು ಡ್ರಾಫ್ಟ್?

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಶಿರಸ್ತ್ರಾಣ ತೊಟ್ಟ ದೈತ್ಯರು ಅಂಡಾಕಾರದ ಚೆಂಡಿಗಾಗಿ ಸೆಣಸುವ ಅಮೆರಿಕನ್ ಆಟ. ಎನ್‌ಎಫ್‌ಎಲ್ ಎಂದೇ ಪರಿಚಿತವಾದ ಅಲ್ಲಿನ ಲೀಗ್‌ನಲ್ಲಿ 32 ತಂಡಗಳಿವೆ. ಕಾಲೇಜು ಮಟ್ಟದಲ್ಲಿ ಆಡಿ ಬಂದ ಹೊಸ ಆಟಗಾರರನ್ನು ಈ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಹಿಂದಿನ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಪ್ರಶಸ್ತಿ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಹೀಗೆ ಏಳು ಸುತ್ತು. ಸಿರಿವಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಳ್ಳುವುದನ್ನು ತಡೆಯಲು 1936ರಲ್ಲಿ ಈ ಪದ್ಧತಿ ಜಾರಿಗೆ ಬಂತು.

ನಮ್ಮ ಓದುಗರಿಗೆ ಚಿರಪರಿಚಿತವಾದ ಐಪಿಎಲ್ ಹರಾಜಿಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಹರಾಜಿನಲ್ಲಿ ಹಣವಿದ್ದವರು ಯಾರನ್ನು ಬೇಕಾದರೂ ಕೂಗಬಹುದು. ಕೆಲವು ವರ್ಷಗಳಿಗೊಮ್ಮೆ ಬರುವ ಮಹಾ ಹರಾಜಿನಲ್ಲಿ ಕಟ್ಟಿದ ತಂಡದ ಬಹುಭಾಗ ಮತ್ತೆ ಚದುರಿಹೋಗುತ್ತದೆ. ಡ್ರಾಫ್ಟ್‌ನಲ್ಲಿ ಹಾಗಲ್ಲ. ಅಲ್ಲಿ ನಾಣ್ಯವೆಂದರೆ ಸರದಿಯೇ. (ಡ್ರಾಫ್ಟ್ ಭಾರತಕ್ಕೆ ತೀರಾ ಅಪರಿಚಿತವೇನೂ ಅಲ್ಲ. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ತಂಡಗಳು ದೇಶೀ ಆಟಗಾರರನ್ನು ಡ್ರಾಫ್ಟ್ ಮೂಲಕವೇ ಹಂಚಿಕೊಂಡಾಗ, ಆ ವರ್ಷವಷ್ಟೇ ಲೀಗ್ ಸೇರಿದ ಬೆಂಗಳೂರು ಎಫ್‌ಸಿ ಕೂಡ ಪಾಲ್ಗೊಂಡಿತ್ತು.)

ಎನ್‌ಎಫ್‌ಎಲ್‌ನಲ್ಲಿ ಈ ಸರದಿಯನ್ನು ಕೊಡುಕೊಳ್ಳಲೂಬಹುದು. ಈ ವರ್ಷದ್ದನ್ನು ಮಾತ್ರವಲ್ಲ, ಮುಂದಿನ ವರ್ಷಗಳದ್ದನ್ನೂ! ಇಂದು ಬೇಕಾದ ಆಟಗಾರನಿಗಾಗಿ ನಾಳಿನ ಸರದಿಯನ್ನು ಒತ್ತೆಯಿಡುವ ಅವಕಾಶ ಹುಟ್ಟುವುದು ಇಲ್ಲಿಯೇ. ಸಮಸ್ಯೆ ಹುಟ್ಟುವುದೂ ಇಲ್ಲಿಯೇ.

ಅಗ್ಗದ ನಾಲ್ಕು ವರ್ಷಗಳು

ಡ್ರಾಫ್ಟ್‌ನಿಂದ ಬಂದ ಹೊಸಬನೊಬ್ಬ ಏಕೆ ಅಷ್ಟು ಬೆಲೆಬಾಳುತ್ತಾನೆ ಎಂಬುದಕ್ಕೆ ಉತ್ತರ ಅವನ ಪ್ರತಿಭೆಯಲ್ಲಿ ಮಾತ್ರವಿಲ್ಲ, ಅವನ ಸಂಬಳದಲ್ಲೂ ಇದೆ. ಪ್ರತಿ ತಂಡವೂ ವರ್ಷಕ್ಕೆ ಇಷ್ಟೇ ಸಂಬಳ ನೀಡಬಹುದೆಂಬ ಮಿತಿಯನ್ನು ಲೀಗ್ ವಿಧಿಸುತ್ತದೆ. 2020ರಲ್ಲಿ ಆ ಮಿತಿ 19.82 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿ ಡಾಲರ್‌ಗೆ ಏರಿತು. ಋತುವಿನಲ್ಲಿ 53 ಆಟಗಾರರ ಬಳಗವನ್ನು ಇದೇ ಮಿತಿಯೊಳಗೆ ಸಾಕಬೇಕು.

2010ರಲ್ಲಿ ಮೊದಲ ಆಟಗಾರನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಪಡೆದಿದ್ದರು. ವೃತ್ತಿಪರ ಪಂದ್ಯವೊಂದನ್ನೂ ಆಡದ ಹುಡುಗನಿಗೆ ಇಷ್ಟೊಂದು ಹಣವೇ ಎಂಬ ಅಸಮಾಧಾನ ಹಿರಿಯ ಆಟಗಾರರಲ್ಲೂ ಇತ್ತು, ಮಾಲೀಕರಲ್ಲೂ ಇತ್ತು. ಮರುವರ್ಷವೇ, ಅಂದರೆ 2011ರಲ್ಲಿ, ಆಟಗಾರರ ಸಂಘ ಮತ್ತು ಲೀಗ್ ನಡುವಣ ಹೊಸ ಒಪ್ಪಂದ ಹೊಸಬರ ಸಂಬಳಕ್ಕೆ ಕಡಿವಾಣ ಹಾಕಿತು. ಆ ವರ್ಷ ಮೊದಲಿಗರಾಗಿ ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ ಡಾಲರ್.

ಲೆಕ್ಕಾಚಾರ ತಲೆಕೆಳಗಾದದ್ದು ಆಗ. ಜೋರ್ಡನ್ ಲವ್ ಅವರ ಮೊದಲ ನಾಲ್ಕು ವರ್ಷದ ಒಪ್ಪಂದ ಸುಮಾರು 1.24 ಕೋಟಿ ಡಾಲರ್‌ನದ್ದು. ರಾಡ್ಜರ್ಸ್ 2018ರಲ್ಲಿ ಸಹಿ ಹಾಕಿದ ನಾಲ್ಕು ವರ್ಷದ ವಿಸ್ತರಣೆ 13.4 ಕೋಟಿಯದ್ದು. ಎಳೆಯ ಕ್ವಾರ್ಟರ್‌ಬ್ಯಾಕ್ ಚೆನ್ನಾಗಿ ಆಡಿದರೆ ಉಳಿಯುವ ಹಣದಲ್ಲಿ ಬೇರೆ ಕಡೆ ಮೂವರು ನಾಲ್ವರು ಪರಿಣತರನ್ನು ತರಬಹುದು. ಆದ್ದರಿಂದಲೇ 'ಭವಿಷ್ಯಕ್ಕಾಗಿ ಆಯ್ಕೆ' ಎಂಬುದಕ್ಕೂ ಒಂದು ಗಡಿಯಾರ ಕಟ್ಟಿರುತ್ತದೆ. ಹೊಸಬನನ್ನು ಮೂರು ವರ್ಷ ಬೆಂಚಿನ ಮೇಲೆ ಕೂರಿಸಿ ಪಳಗಿಸುವುದೆಂದರೆ ಅಗ್ಗದ ನಾಲ್ಕು ವರ್ಷಗಳಲ್ಲಿ ಮೂರನ್ನು ಬಳಸದೆ ಕಳೆದಂತೆ. ತಾಳ್ಮೆಯನ್ನು ಹಾಡಿ ಹೊಗಳುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಕುರ್ಚಿಯ ಆಯುಷ್ಯ

ಹಾಗಾದರೆ ತಂಡಗಳು ಯಾವ ಆಧಾರದ ಮೇಲೆ ನಿರ್ಧರಿಸುತ್ತವೆ? ಅಧಿಕೃತವಾಗಿ ಎಲ್ಲರೂ ಕೊಡುವ ಉತ್ತರ ಒಂದೇ: 'ಲಭ್ಯವಿರುವವರಲ್ಲಿ ಅತ್ಯುತ್ತಮನನ್ನು ಆರಿಸುತ್ತೇವೆ.' ವಾಸ್ತವ ಇಷ್ಟು ಸರಳವಿಲ್ಲ. ಎರಡು ಸತತ ಋತುಗಳಲ್ಲಿ ಸೋತ ತರಬೇತುದಾರನಿಗೆ ಮೂರನೆಯ ಅವಕಾಶ ಸಿಗುವುದು ಅಪರೂಪ. 2028ರಲ್ಲಿ ಅರಳಬಹುದಾದ ಪ್ರತಿಭೆಯಿಂದ ಆತನಿಗೇನು ಲಾಭ? ಆ ಫಸಲನ್ನು ಕೊಯ್ಯುವವನು ಅವನ ಕುರ್ಚಿಯಲ್ಲಿ ಬಂದು ಕೂರುವ ಇನ್ನೊಬ್ಬ. ಬಿತ್ತನೆಯ ಬೀಜವನ್ನೇ ಬೇಯಿಸಿ ಉಣ್ಣುವ ರೈತನನ್ನು ನಾವು ಅವಿವೇಕಿ ಎನ್ನುತ್ತೇವೆ. ಆದರೆ ಮುಂದಿನ ಮಳೆಗಾಲಕ್ಕೆ ಹೊಲ ತನ್ನದಾಗಿರುವುದಿಲ್ಲ ಎಂದು ಗೊತ್ತಿರುವ ಗೇಣಿದಾರ ಹಾಗೆ ಮಾಡಿದರೆ ಅದು ಅವಿವೇಕವಲ್ಲ.

ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2005ರಲ್ಲಿ ಹೊರತಂದ ಅಧ್ಯಯನವೊಂದು ಈ ಅವಸರವನ್ನು ಅಂಕಿಗಳಲ್ಲಿ ಹಿಡಿದಿಟ್ಟಿತು. (ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.) ಈ ವರ್ಷದ ಎರಡನೇ ಸುತ್ತಿನ ಸರದಿ ಬೇಕಾದರೆ ಮುಂದಿನ ವರ್ಷದ ಮೊದಲ ಸುತ್ತಿನದನ್ನು ಕೊಡು ಎಂಬುದು ತಂಡಗಳ ನಡುವಣ ರೂಢಿ. ಬಡ್ಡಿಯ ಲೆಕ್ಕಕ್ಕೆ ತಂದರೆ ಇದು ವರ್ಷಕ್ಕೆ ಶೇಕಡ ನೂರನ್ನೂ ಮೀರುತ್ತದೆ ಎಂದು ಅವರು ತೋರಿಸಿದರು. ಮೀಟರ್ ಬಡ್ಡಿಯವರೂ ನಾಚುವ ದರ! ಇನ್ನೂ ಕುತೂಹಲದ ಸಂಗತಿಯೆಂದರೆ, ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ಶೇಕಡ 52 ಮಾತ್ರ. ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು. ಅಷ್ಟು ಅನಿಶ್ಚಿತವಾದುದಕ್ಕೆ ಅಷ್ಟು ದುಬಾರಿ ಬೆಲೆ ತೆರಲಾಗುತ್ತಿದೆ.

ಗ್ರೀನ್ ಬೇ ಈ ವಿಷಯದಲ್ಲಿ ಎಲ್ಲರಂತಲ್ಲ. ವಿಸ್ಕಾನ್ಸಿನ್ ರಾಜ್ಯದ, ಸುಮಾರು ಒಂದು ಲಕ್ಷ ಜನಸಂಖ್ಯೆಯ ಈ ಪುಟ್ಟ ಊರಿನ ತಂಡಕ್ಕೆ ಕೋಟ್ಯಧೀಶ ಮಾಲೀಕನಿಲ್ಲ. 1923ರಿಂದಲೂ ಅದು ಸಾರ್ವಜನಿಕ ಷೇರುದಾರರ ಸ್ವತ್ತು; ಲಾಭಾಂಶ ಹಂಚುವಂತಿಲ್ಲ. 'ನನ್ನ ಹಣಕ್ಕೆ ಈ ವರ್ಷವೇ ಕಪ್ ಬೇಕು' ಎಂದು ಮೇಜು ಗುದ್ದುವವರಿಲ್ಲದ ಕಡೆ ಜನರಲ್ ಮ್ಯಾನೇಜರ್‌ನ ಕುರ್ಚಿ ಸ್ವಲ್ಪ ಭದ್ರ. ಎರಡು ಬಾರಿ ಅದೇ ಬಗೆಯ ಜೂಜಿಗೆ ಅದು ಕೈಹಾಕಿದ್ದರ ಹಿಂದೆ ಈ ವ್ಯವಸ್ಥೆಯ ಪಾಲೂ ಇದೆ ಎಂಬುದನ್ನು ಅಲ್ಲಗಳೆಯಲಾಗದು.

2005: ಒಂದೇ ರಾತ್ರಿ, ಎರಡು ದಾರಿ

ಮೊದಲ ಬಾರಿ 2005ರಲ್ಲಿ. ಆಗ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್; ವಯಸ್ಸು 35. ಮೊದಲ ಸ್ಥಾನಕ್ಕೇ ಆಯ್ಕೆಯಾಗಬಹುದು ಎನ್ನಲಾಗಿದ್ದ 21ರ ಆರನ್ ರಾಡ್ಜರ್ಸ್, ಟಿವಿ ಕ್ಯಾಮೆರಾಗಳ ಎದುರು ಗಂಟೆಗಟ್ಟಲೆ ಕಾದು 24ನೇ ಸ್ಥಾನದವರೆಗೆ ಜಾರಿದರು. ಆ ವರ್ಷವಷ್ಟೇ ಅಧಿಕಾರ ವಹಿಸಿಕೊಂಡಿದ್ದ ಜನರಲ್ ಮ್ಯಾನೇಜರ್ ಟೆಡ್ ಥಾಂಪ್ಸನ್ ಅವರನ್ನು ಆರಿಸಿಕೊಂಡರು. ತಕ್ಷಣಕ್ಕೆ ತಂಡಕ್ಕೆ ಆತನ ಅಗತ್ಯವೇ ಇರಲಿಲ್ಲ.

ಅದೇ ಡ್ರಾಫ್ಟ್‌ನಲ್ಲಿ ಮೊದಲ ಸ್ಥಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಆರಿಸಿದ್ದು ಅಲೆಕ್ಸ್ ಸ್ಮಿತ್ ಅವರನ್ನು. ಹಿಂದಿನ ಋತುವಿನಲ್ಲಿ ಎರಡೇ ಪಂದ್ಯ ಗೆದ್ದಿದ್ದ ತಂಡಕ್ಕೆ ಕಾಯುವ ವ್ಯವಧಾನವಿರಲಿಲ್ಲ. ಮೊದಲ ವರ್ಷವೇ ಕಣಕ್ಕಿಳಿದ ಸ್ಮಿತ್ ಆ ಋತುವಿನಲ್ಲಿ ಒಂದು ಟಚ್‌ಡೌನ್‌ಗೆ ಪಾಸ್ ಕೊಟ್ಟು, 11 ಬಾರಿ ಚೆಂಡನ್ನು ಎದುರಾಳಿಗಳ ಕೈಗೆ ಒಪ್ಪಿಸಿದರು. ರಾಡ್ಜರ್ಸ್ ಮೂರು ಋತು ಫಾರ್ವ್ ಹಿಂದೆ ಕೂತು ಕಲಿತರು. ಒಬ್ಬರ ಪ್ರತಿಭೆ ಹೆಚ್ಚು, ಇನ್ನೊಬ್ಬರದು ಕಡಿಮೆ ಎಂದು ಮುಗಿಸಿಬಿಡುವುದು ಸುಲಭ. ಆದರೆ ಸ್ಮಿತ್ ಮುಂದೆ ಸ್ಥಿರವಾದ ತಂಡ ಸಿಕ್ಕಾಗ ಗೆಲುವಿನ ಆಟಗಾರನಾಗಿ ಬೆಳೆದರೆಂಬುದನ್ನು ನೆನಪಿಡಬೇಕು. ತುರ್ತು ಅಗತ್ಯದ ತಂಡ ಎಳೆಯ ಆಟಗಾರನಿಂದ ಕಿತ್ತುಕೊಳ್ಳುವುದು ಏನನ್ನು ಎಂಬುದಕ್ಕೆ ಅವರ ಮೊದಲ ವರ್ಷಗಳೇ ಸಾಕ್ಷಿ.

2008ರ ಮಾರ್ಚ್‌ನಲ್ಲಿ ಫಾರ್ವ್ ನಿವೃತ್ತಿ ಘೋಷಿಸಿದರು. ಬೇಸಿಗೆಯಲ್ಲಿ ಮನಸ್ಸು ಬದಲಿಸಿದರು. ಹಿಂದಿನ ಋತುವಿನಲ್ಲಿ ಅವರ ನೇತೃತ್ವದಲ್ಲಿ 13 ಪಂದ್ಯ ಗೆದ್ದಿದ್ದ ತಂಡ ಅವರನ್ನು ವಾಪಸು ಕರೆಯದೆ ನ್ಯೂಯಾರ್ಕ್ ಜೆಟ್ಸ್‌ಗೆ ಕಳುಹಿಸಿತು. ಊರೇ ಎರಡು ಬಣವಾಯಿತು. ರಾಡ್ಜರ್ಸ್ ಅವರ ಮೊದಲ ಋತುವಿನಲ್ಲಿ ತಂಡ 6 ಗೆದ್ದು 10 ಸೋತಾಗ ಥಾಂಪ್ಸನ್ ವಿರೋಧಿಗಳ ಬಾಯಿಗೆ ಸಕ್ಕರೆ ಬಿದ್ದಂತಾಯಿತು. ಆದರೆ 2011ರ ಫೆಬ್ರುವರಿಯಲ್ಲಿ ಪ್ಯಾಕರ್ಸ್ 31-25ರಿಂದ ಪಿಟ್ಸ್‌ಬರ್ಗ್ ತಂಡವನ್ನು ಮಣಿಸಿ ಸೂಪರ್ ಬೌಲ್ ಗೆದ್ದಿತು, ಪಂದ್ಯಶ್ರೇಷ್ಠ ರಾಡ್ಜರ್ಸ್.

ಮತ್ತೆ 2020ಕ್ಕೆ

ಹಾಗಿದ್ದಮೇಲೆ 2020ರಲ್ಲಿ ಅದೇ ಸೂತ್ರ ಪುನರಾವರ್ತಿಸಿದರೆ ತಪ್ಪೇನು? ವ್ಯತ್ಯಾಸವಿದೆ. ಮೊದಲನೆಯದು, 2005ರಲ್ಲಿ ರಾಡ್ಜರ್ಸ್ ತಾನಾಗಿ ಮಡಿಲಿಗೆ ಬಿದ್ದ ಹಣ್ಣು. 2020ರಲ್ಲಿ ಪ್ಯಾಕರ್ಸ್ ಕೈಯಿಂದ ತೆತ್ತು ಮೇಲೇರಿತು. ಎರಡನೆಯದು, ಆ ವರ್ಷ ರಿಸೀವರ್‌ಗಳ ಸುಗ್ಗಿ. 22ನೇ ಸ್ಥಾನದಲ್ಲಿ ಜಸ್ಟಿನ್ ಜೆಫರ್ಸನ್ ಮಿನ್ನೆಸೋಟ ಪಾಲಾಗಿದ್ದರು, ಲವ್ ಆಯ್ಕೆಗೆ ಮುಂಚಿನ 25ನೇ ಸ್ಥಾನದಲ್ಲಿ ಬ್ರ್ಯಾಂಡನ್ ಅಯುಕ್ ಹೋಗಿದ್ದರು. ಆದರೆ 33ರಲ್ಲಿ ಟೀ ಹಿಗಿನ್ಸ್, 34ರಲ್ಲಿ ಮೈಕೆಲ್ ಪಿಟ್‌ಮನ್ ಇನ್ನೂ ಲಭ್ಯರಿದ್ದರು. ಪ್ಯಾಕರ್ಸ್‌ಗೆ ಇಬ್ಬರಲ್ಲಿ ಯಾರಾದರೂ ಸಿಗುತ್ತಿದ್ದರು.

ತಂಡದ ಪರ ವಾದವೂ ಇಲ್ಲದಿಲ್ಲ. ಗುಟೆಕುನ್ಸ್ಟ್ ತಕ್ಷಣದ ಕೊರತೆಯನ್ನು ಡ್ರಾಫ್ಟ್‌ನಲ್ಲಲ್ಲ, ಅದಕ್ಕೆ ಮುಂಚಿನ ಮಾರ್ಚ್‌ನಲ್ಲಿ ತೆರೆಯುವ, ಒಪ್ಪಂದ ಮುಗಿದ ಪಳಗಿದ ಆಟಗಾರರ ಮಾರುಕಟ್ಟೆಯಲ್ಲಿ ತುಂಬಬೇಕೆಂಬ ನೀತಿಯವರು. 2019ರಲ್ಲಿ ಅದು ಫಲಿಸಿತ್ತು. ಆ ಮಾರುಕಟ್ಟೆಯಿಂದ ಝಡೇರಿಯಸ್ ಸ್ಮಿತ್, ಪ್ರೆಸ್ಟನ್ ಸ್ಮಿತ್ ಮುಂತಾದವರನ್ನು ತಂದು ರಕ್ಷಣೆಯನ್ನು ಒಂದೇ ವರ್ಷದಲ್ಲಿ ಬದಲಿಸಿದರು. ಡ್ರಾಫ್ಟ್‌ನ 12ನೇ ಸರದಿಯಲ್ಲಿ ಅದೇ ಸ್ಥಾನಕ್ಕೆ ರಶಾನ್ ಗ್ಯಾರಿ ಎಂಬ ಯುವಕನನ್ನು ಆರಿಸಿ ಬದಲಿ ಆಟಗಾರನಾಗಿ ಬೆಳೆಸಿದರು. ಇಂದಿಗೆ ಪೇಟೆ, ನಾಳೆಗೆ ಹಿತ್ತಲು! ಇಕ್ಕಟ್ಟಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಈ ಆಟದಲ್ಲಿ ಕಂಡುಬಂದಿಲ್ಲ. 2020ರಲ್ಲೂ ಅವರು ಡೆವಿನ್ ಫಂಚೆಸ್ ಎಂಬ ಅನುಭವಿ ರಿಸೀವರ್‌ನನ್ನು ಹಾಗೆಯೇ ತಂದಿದ್ದರು. ಆದರೆ ಕೊರೊನಾ ಆತಂಕದಿಂದ ಫಂಚೆಸ್ ಆ ಋತುವಿನಿಂದಲೇ ಹಿಂದೆ ಸರಿದರು.

ಮುಂದಿನದು ಯಾರೂ ಊಹಿಸದ ತಿರುವು. ಉತ್ತರಾಧಿಕಾರಿಯನ್ನು ತಂದು ಪಕ್ಕದಲ್ಲಿ ಕೂರಿಸಿದ ಮೇಲೆ ರಾಡ್ಜರ್ಸ್ 48 ಟಚ್‌ಡೌನ್ ಪಾಸ್‌ಗಳೊಂದಿಗೆ 2020ರ ಲೀಗ್‌ನ ಶ್ರೇಷ್ಠ ಆಟಗಾರರಾದರು; 2021ರಲ್ಲೂ ಅವರೇ. ಎರಡೂ ಋತುಗಳಲ್ಲಿ ತಂಡ 13 ಪಂದ್ಯ ಗೆದ್ದಿತು. ಆದರೆ 2021ರ ಜನವರಿಯಲ್ಲಿ ತವರಿನಲ್ಲೇ ಟ್ಯಾಂಪಾ ಬೇ ಎದುರು 31-26ರಿಂದ ಸೋತಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ಎದುರು 13-10ರಿಂದ. ಐದು ಅಂಕ, ಮೂರು ಅಂಕ. ಇನ್ನೊಬ್ಬ ರಿಸೀವರ್ ಇದ್ದಿದ್ದರೆ?

ಈ ಪ್ರಶ್ನೆಗೆ ನಿಶ್ಚಿತ ಉತ್ತರವಿಲ್ಲ. ಟ್ಯಾಂಪಾ ವಿರುದ್ಧದ ಸೋಲಿನಲ್ಲಿ ರಕ್ಷಣೆಯ ಎಡವಟ್ಟೂ ಇತ್ತು, ಎಂಟು ಅಂಕ ಹಿಂದಿದ್ದಾಗ ಕೊನೆಯ ನಿಮಿಷಗಳಲ್ಲಿ ಟಚ್‌ಡೌನ್‌ಗೆ ಯತ್ನಿಸದೆ ಮೂರು ಅಂಕಕ್ಕೆ ತೃಪ್ತಿಪಟ್ಟ ತರಬೇತುದಾರರ ನಿರ್ಧಾರವೂ ಇತ್ತು. ಎಲ್ಲವನ್ನೂ ಲವ್ ಆಯ್ಕೆಯ ತಲೆಗೆ ಕಟ್ಟುವುದು ಅನ್ಯಾಯ. ಆದರೂ 13-10ರ ಆ ಪಂದ್ಯದಲ್ಲಿ ಗ್ರೀನ್ ಬೇ ಆಕ್ರಮಣ ಒಂದೇ ಟಚ್‌ಡೌನ್‌ಗೆ ಸೀಮಿತವಾಯಿತೆಂಬುದನ್ನು ನೋಡಿದರೆ, 2020ರ ಕೊರತೆಗೆ ಬಡ್ಡಿ ಸಹಿತ ಬೆಲೆ ತೆತ್ತದ್ದು ಆ ರಾತ್ರಿ ಎನ್ನದೆ ವಿಧಿಯಿಲ್ಲ. ರಾಡ್ಜರ್ಸ್ ಅವರಂತಹ ಆಟಗಾರ ತನ್ನ ಉತ್ತುಂಗದಲ್ಲಿರುವ ವರ್ಷಗಳು ಎಣಿಕೆಯವು. ಅವು ತಿರುಗಿ ಬರಲಿಲ್ಲ. 2023ರ ಏಪ್ರಿಲ್‌ನಲ್ಲಿ ಅವರನ್ನೂ ಜೆಟ್ಸ್‌ಗೇ ಕಳುಹಿಸಲಾಯಿತು.

ಇನ್ನು ಲವ್? ಮೂರು ಋತು ಕಾದವರು 2023ರಲ್ಲಿ ಮೊದಲ ಬಾರಿ ತಂಡದ ಹೊಣೆ ಹೊತ್ತಾಗ ಅವರ ಪ್ರಮುಖ ರಿಸೀವರ್‌ಗಳೆಲ್ಲ ಮೊದಲ ಅಥವಾ ಎರಡನೆಯ ವರ್ಷದ ಹುಡುಗರು. ಆ ಹುಡುಗರ ದಂಡು 2024ರ ಜನವರಿಯಲ್ಲಿ ಡಲ್ಲಾಸ್‌ಗೆ ಹೋಗಿ ಬಲಿಷ್ಠ ಕೌಬಾಯ್ಸ್ ತಂಡವನ್ನು 48-32ರಿಂದ ಬಗ್ಗುಬಡಿಯಿತು. ಜುಲೈನಲ್ಲಿ ಲವ್ ಜತೆ 22 ಕೋಟಿ ಡಾಲರ್‌ನ ನಾಲ್ಕು ವರ್ಷದ ವಿಸ್ತರಣೆಗೆ ಸಹಿ ಬಿತ್ತು. ಅಗ್ಗದ ವರ್ಷಗಳು ಮುಗಿದವು!

ಉಳಿದವರ ದಾರಿ

ಕನ್ಸಾಸ್ ಸಿಟಿ ಚೀಫ್ಸ್ ಕತೆಯಲ್ಲಿ ನಮ್ಮ ಹಳೆಯ ಪರಿಚಿತ ಅಲೆಕ್ಸ್ ಸ್ಮಿತ್ ಮತ್ತೆ ಕಾಣಿಸಿಕೊಳ್ಳುತ್ತಾರೆ. 2016ರಲ್ಲಿ ಅವರ ನೇತೃತ್ವದ ಚೀಫ್ಸ್ 12 ಪಂದ್ಯ ಗೆದ್ದಿತ್ತು. ಆದರೂ 2017ರ ಡ್ರಾಫ್ಟ್‌ನಲ್ಲಿ ತಂಡ 27ರಿಂದ 10ನೇ ಸ್ಥಾನಕ್ಕೆ ಏರಲು ಬಫಲೊ ತಂಡಕ್ಕೆ ಮರುವರ್ಷದ ಮೊದಲ ಸುತ್ತಿನ ಸರದಿಯನ್ನೂ ಕೊಟ್ಟು ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರಿಸಿತು. ಮಹೋಮ್ಸ್ ಒಂದೇ ವರ್ಷ ಕಾದರು, ಮೂರಲ್ಲ. 2018ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ, 2020ರ ಫೆಬ್ರುವರಿಯಲ್ಲಿ ಸೂಪರ್ ಬೌಲ್. ಅಗ್ಗದ ವರ್ಷಗಳೊಳಗೇ ಫಸಲು ಕೈಸೇರಿತು. ಮಹೋಮ್ಸ್ ದುಬಾರಿಯಾದ ಮೇಲೆ, 2022ರಲ್ಲಿ, ತಂಡದ ಅತಿವೇಗದ ರಿಸೀವರ್ ಟೈರೀಕ್ ಹಿಲ್‌ನನ್ನೇ ಐದು ಸರದಿಗಳಿಗೆ ಬದಲಾಗಿ ಮಯಾಮಿಗೆ ಬಿಟ್ಟುಕೊಟ್ಟು ಮತ್ತೆ ಹೊಸಬರನ್ನು ತುಂಬಿಕೊಂಡಿತು. ಮುಂದಿನ ಎರಡೂ ಸೂಪರ್ ಬೌಲ್ ಅದಕ್ಕೇ!

ಲಾಸ್ ಏಂಜಲೀಸ್ ರಾಮ್ಸ್ ಇದಕ್ಕೆ ತದ್ವಿರುದ್ಧ. 2016ರ ನಂತರ 2024ರವರೆಗೆ ಮೊದಲ ಸುತ್ತಿನಲ್ಲಿ ಈ ತಂಡ ಒಬ್ಬನನ್ನೂ ಆರಿಸಲಿಲ್ಲ. ಸರದಿಗಳನ್ನೆಲ್ಲ ಮಾರಿ ಜೇಲನ್ ರಾಮ್ಸಿ, ಮ್ಯಾಥ್ಯೂ ಸ್ಟಾಫರ್ಡ್ ಅವರಂತಹ ಸಿದ್ಧ ಆಟಗಾರರನ್ನು ತಂದಿತು. 2022ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಮರು ಋತುವಿನಲ್ಲೇ 5 ಗೆಲುವು, 12 ಸೋಲು. ಆದರೆ ರಾಮ್ಸ್ ಕೆಳಗಿನ ಸುತ್ತುಗಳನ್ನು ಕಡೆಗಣಿಸಿರಲಿಲ್ಲ. 2023ರಲ್ಲಿ 177ನೇ ಸ್ಥಾನದಲ್ಲಿ ಸಿಕ್ಕ ಪೂಕಾ ನಕೂವಾ ಅದೇ ವರ್ಷ ತಂಡವನ್ನು ಮೇಲೆತ್ತಿದ ರಿಸೀವರ್.

ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ಅಟ್ಲಾಂಟದ್ದು. 2024ರ ಮಾರ್ಚ್‌ನಲ್ಲಿ ಅನುಭವಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್‌ಗೆ 18 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟು, ಏಪ್ರಿಲ್‌ನಲ್ಲಿ ಎಂಟನೇ ಸ್ಥಾನದಲ್ಲಿ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಮೈಕೆಲ್ ಪೆನಿಕ್ಸ್‌ರನ್ನು ಆರಿಸಿತು. ಡಿಸೆಂಬರ್ ಹೊತ್ತಿಗೆ ಕಸಿನ್ಸ್ ಬೆಂಚಿನಲ್ಲಿದ್ದರು. ಸಿದ್ಧ ಆಟಗಾರನ ಸಂಬಳವನ್ನೂ ತೆತ್ತು, ಹೊಸಬನ ಅಗ್ಗದ ವರ್ಷವನ್ನೂ ಕಳೆದದ್ದು ಯಾವ ಲೆಕ್ಕದಲ್ಲೂ ಸಮತೋಲನ ಎನಿಸದು. 2025ರಲ್ಲಿ ಇದೇ ಅಟ್ಲಾಂಟ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನು ಮಾರಿತು. ಕೊಂಡವರು ಯಾರು? ರಾಮ್ಸ್!

ಪ್ಯಾಕರ್ಸ್ ಕೂಡ ನಿಂತಲ್ಲೇ ನಿಂತಿಲ್ಲ. 2025ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆದದ್ದು ಗ್ರೀನ್ ಬೇ ಊರಿನಲ್ಲೇ. ತವರಿನ ಜನಸ್ತೋಮದ ಎದುರು 23ನೇ ಸ್ಥಾನದಲ್ಲಿ ತಂಡ ಆರಿಸಿದ್ದು ಮ್ಯಾಥ್ಯೂ ಗೋಲ್ಡನ್ ಎಂಬ ರಿಸೀವರ್‌ನನ್ನು. ಮೊದಲ ಸುತ್ತಿನಲ್ಲಿ ಪ್ಯಾಕರ್ಸ್ ರಿಸೀವರ್ ಒಬ್ಬನನ್ನು ಆರಿಸಿದ್ದು 2002ರ ನಂತರ ಅದೇ ಮೊದಲು. ನಾಲ್ಕು ತಿಂಗಳ ಬಳಿಕ ಅದೇ ಗುಟೆಕುನ್ಸ್ಟ್, ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಬೇಟೆಯಾಡುವುದರಲ್ಲಿ ಹೆಸರಾದ ಮೈಕಾ ಪಾರ್ಸನ್ಸ್‌ಗಾಗಿ 2026 ಮತ್ತು 2027ರ ಮೊದಲ ಸುತ್ತಿನ ಸರದಿಗಳೆರಡನ್ನೂ, ಜತೆಗೆ ಕೆನ್ನಿ ಕ್ಲಾರ್ಕ್ ಎಂಬ ಅನುಭವಿಯನ್ನೂ ಡಲ್ಲಾಸ್‌ಗೆ ಒಪ್ಪಿಸಿದರು. ಬಿತ್ತನೆ ಬೀಜ ಕಾಯ್ದಿಟ್ಟುಕೊಳ್ಳುವುದಕ್ಕೆ ಹೆಸರಾದ ಮನೆಯ ಕಣಜದ ಬಾಗಿಲು ಆ ದಿನ ತೆರೆಯಿತು. ಡಿಸೆಂಬರ್‌ನಲ್ಲಿ ಪಾರ್ಸನ್ಸ್ ಮೊಣಕಾಲಿಗೆ ಗಂಭೀರ ಗಾಯ ಮಾಡಿಕೊಂಡು ಉಳಿದ ಋತುವಿನಿಂದ ಹೊರಬಿದ್ದರು.